ಬೆರಳಿನಿಂದ ಫಿಲ್ಮಿನವರೆಗೆ

ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬೌಲರನ ಕೈಬಿಟ್ಟ ಕ್ರಿಕೆಟ್ ಚೆಂಡು ಒಂದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ, ಸುಮಾರು 4 ಸೆಂಟಿಮೀಟರ್ ಸಾಗುತ್ತದೆ. ಬೌಂಡರಿ ಗೆರೆಯಾಚೆ ಮೂವರು ಛಾಯಾಗ್ರಾಹಕರು ಸಾಲಾಗಿ ಕೂತಿದ್ದಾರೆ, ಮೂವರೂ ಒಂದೇ ಕ್ಷಣಕ್ಕೆ ಗುಂಡಿ ಒತ್ತಿದರು ಎಂದುಕೊಳ್ಳಿ. ಮೊದಲನೆಯವರ ಕೈಯಲ್ಲಿರುವುದು ಒಳಗೆ ಕನ್ನಡಿಯಿಲ್ಲದ ಲೈಕಾ ಕ್ಯಾಮೆರಾ. ಅದರ ಶಟರ್ ತೆರೆಯುವಷ್ಟರಲ್ಲಿ ಚೆಂಡು ಅರ್ಧ ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗಿರುತ್ತದೆ. ಎರಡನೆಯವರದು ಒಳಗೆ ಕನ್ನಡಿಯಿರುವ ಎಸ್‌ಎಲ್‌ಆರ್. ಅದರ ಚಿತ್ರದಲ್ಲಿ ಚೆಂಡು ಹೆಚ್ಚುಕಡಿಮೆ 2 ಮೀಟರ್ ಮುಂದಿದೆ. ಮೂರನೆಯವರು ಜೇಬಿಗೆ ಹಿಡಿಸುವ ಆಟೋಫೋಕಸ್ ಕ್ಯಾಮೆರಾ ಹಿಡಿದಿದ್ದಾರೆ. ಅದು ಫೋಕಸ್ ಹುಡುಕಿ ಶಟರ್ ತೆರೆಯಲು 300 ಮಿಲಿಸೆಕೆಂಡ್ ತೆಗೆದುಕೊಂಡರೆ ಚೆಂಡು ಅಷ್ಟರಲ್ಲಿ 20 ಮೀಟರಿನ ಪಿಚ್‌ನ ಅರ್ಧಕ್ಕಿಂತ ಹೆಚ್ಚು ದಾಟಿ ಆಗಿರುತ್ತದೆ.

ಬೆರಳುಗಳು ಒತ್ತಿದ್ದು ಒಂದೇ ಕ್ಷಣದಲ್ಲಿ. ಫಿಲ್ಮಿನ ಮೇಲೆ ಮೂಡಿದ್ದು ಮೂರು ಬೇರೆ ಕ್ಷಣಗಳು.

ಗುಂಡಿ ಒತ್ತಿದ್ದಕ್ಕೂ ಫಿಲ್ಮಿನ ಮೇಲೆ ಬೆಳಕು ಬೀಳತೊಡಗಿದ್ದಕ್ಕೂ ನಡುವಿನ ಈ ಅಂತರವೇ ಶಟರ್ ವಿಳಂಬ. ಇದನ್ನು ಶಟರ್ ವೇಗದ ಜೊತೆ ಬೆರೆಸಬಾರದು. ಶಟರ್ ವೇಗ ಹೇಳುವುದು ಕಿಂಡಿ ಎಷ್ಟು ಹೊತ್ತು ತೆರೆದಿತ್ತು ಎಂಬುದನ್ನು. ವಿಳಂಬ ಹೇಳುವುದು ಅದು ಯಾವಾಗ ತೆರೆಯಿತು ಎಂಬುದನ್ನು. 1/1000 ಸೆಕೆಂಡಿಗೆ ಇಟ್ಟ ಕ್ಯಾಮೆರಾ ಚೆಂಡನ್ನು ಗಾಳಿಯಲ್ಲಿ ಅಲುಗದಂತೆ ಹಿಡಿಯಬಲ್ಲದು, ಆದರೆ ಬೇಡದ ಜಾಗದಲ್ಲಿ ಹಿಡಿದೀತು. ಮೊದಲನೆಯ ಸಂಖ್ಯೆಯನ್ನು ಕ್ಯಾಮೆರಾದ ನೆತ್ತಿಯ ಮೇಲೆಯೇ ಕೊರೆದಿರುತ್ತಾರೆ. ಎರಡನೆಯದನ್ನು ಯಾವ ಡಯಲ್ಲಿನ ಮೇಲೂ ಬರೆದಿರುವುದಿಲ್ಲ. ಅದು ಕ್ಯಾಮೆರಾದ ಹೊಟ್ಟೆಯೊಳಗಿನ ರಚನೆಯಲ್ಲಿ ಅಡಗಿದೆ.

ಯಂತ್ರದ ವಿಳಂಬಕ್ಕೆ ಮೊದಲು ಮನುಷ್ಯನದೊಂದು ವಿಳಂಬವಿದೆ. ಕಣ್ಣು ಕಂಡದ್ದು ಮಿದುಳನ್ನು ತಲುಪಿ, ಅಲ್ಲಿಂದ ಅಪ್ಪಣೆ ಹೊರಟು, ಬೆರಳು ಮಡಚಲು ಸುಮಾರು 200 ಮಿಲಿಸೆಕೆಂಡ್ ಬೇಕು. ಬ್ಯಾಟು ಚೆಂಡಿಗೆ ತಾಗಿದ್ದನ್ನು ನೋಡಿದ ಮೇಲೆ ಒತ್ತಿದವರಿಗೆ ಸಿಗುವುದು ಚೆಂಡು ಹೋದ ಮೇಲಿನ ಬ್ಯಾಟು. ಆದ್ದರಿಂದ ಕ್ರೀಡೆಯ, ಹಕ್ಕಿಗಳ, ಕುಣಿತದ ಚಿತ್ರ ತೆಗೆಯುವ ಎಲ್ಲರೂ ಮುಂದೆ ಆಗಲಿರುವುದನ್ನು ಊಹಿಸಿಯೇ ಒತ್ತುತ್ತಾರೆ. ಊಹೆ ಕೈಗೂಡಬೇಕಾದರೆ ತನ್ನ ಕ್ಯಾಮೆರಾ ಎಷ್ಟು ತಡ ಮಾಡುತ್ತದೆ ಎಂಬುದು ಬೆರಳಿಗೆ ಗೊತ್ತಿರಬೇಕು. ಇಪ್ಪತ್ತಾಗಲಿ ಎಂಬತ್ತಾಗಲಿ, ಪ್ರತಿ ಸಲವೂ ಅಷ್ಟೇ ತಡವಾದರೆ ಬೆರಳು ಅದನ್ನು ಕಲಿತುಬಿಡುತ್ತದೆ. ಒಮ್ಮೆ ನೂರು, ಇನ್ನೊಮ್ಮೆ ನಾನೂರು ಎಂದಾದರೆ ಎಂಥ ಪಳಗಿದ ಕೈಯೂ ಸೋಲುತ್ತದೆ. ವಿಳಂಬದ ಉದ್ದಕ್ಕಿಂತ ಅದರ ಸ್ಥಿರತೆಯೇ ಮುಖ್ಯ. ಫಿಲ್ಮ್ ಕ್ಯಾಮೆರಾಗಳ ಬಗೆಗಳನ್ನು ಈ ಎರಡು ಅಳತೆಗೋಲು ಹಿಡಿದು ನೋಡಿದರೆ ಪ್ರತಿಯೊಂದರ ಸ್ವಭಾವ ಬಿಚ್ಚಿಕೊಳ್ಳುತ್ತದೆ.

ತೀರ ಸರಳವಾದದ್ದು ಡಬ್ಬಿ ಕ್ಯಾಮೆರಾ. ಒಂದು ಕಾಲಕ್ಕೆ ನಮ್ಮ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಆಗಿದ್ದ, ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ III ಈ ಜಾತಿಯದು. ಸನ್ನೆಯನ್ನು ಒತ್ತಿದರೆ ಸ್ಪ್ರಿಂಗು ಬಿಗಿಯಾಗಿ, ಒಂದು ಹಂತ ದಾಟಿದೊಡನೆ ತೂತಿರುವ ತಗಡು ಲೆನ್ಸಿನ ಹಿಂದೆ ಸರ್ರನೆ ಹಾದುಹೋಗುತ್ತದೆ. ನಡುವೆ ಬೇರೆ ಕೆಲಸವೇ ಇಲ್ಲ. ತಡವಾಗುವುದು ಬೆರಳು ಸನ್ನೆಯನ್ನು ಕೊನೆಯವರೆಗೆ ತಳ್ಳುವುದರಲ್ಲಿ ಮಾತ್ರ.

ಇನ್ನೊಂದು ತುದಿಯಲ್ಲಿ ಸ್ಟುಡಿಯೋದ ದೊಡ್ಡ ಕ್ಯಾಮೆರಾ ಇದೆ: ಮುಕ್ಕಾಲಿಯ ಮೇಲೆ ನಿಂತು, ತಿದಿ ಚಾಚಿ, ತಲೆಗೆ ಕಪ್ಪು ಬಟ್ಟೆ ಹೊದ್ದು ನೋಡುವಂಥದು. ಅದರ ಲೆನ್ಸಿನಲ್ಲಿರುವ ಕಾಂಪೂರ್ ಬಗೆಯ ಲೀಫ್ ಶಟರ್, ಅಂದರೆ ದಳಗಳಂತೆ ಬಿಚ್ಚಿಕೊಳ್ಳುವ ಶಟರ್, ಕೆಲವೇ ಮಿಲಿಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಆದರೆ ಫೋಕಸ್ ನೋಡಿದ ಮೇಲೆ ಶಟರ್ ಮುಚ್ಚಬೇಕು, ಫಿಲ್ಮಿನ ಹೋಲ್ಡರನ್ನು ಹಿಂದೆ ತೂರಿಸಬೇಕು, ಬೆಳಕು ತಡೆಯುವ ಅದರ ತಡಿಕೆಯನ್ನು ಎಳೆಯಬೇಕು. ಕಂಡ ಚಿತ್ರಕ್ಕೂ ತೆಗೆದ ಚಿತ್ರಕ್ಕೂ ನಡುವೆ ಅರ್ಧ ನಿಮಿಷವೇ ಕಳೆದಿರುತ್ತದೆ. ಯಂತ್ರ ಚುರುಕು, ವಿಧಾನ ನಿಧಾನ.

1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಜನರ ಮುಂದೆ ಬಂದ ಓಸ್ಕರ್ ಬಾರ್ನಾಕ್ ಅವರ ಲೈಕಾ ಈ ವಿಧಾನವನ್ನೇ ಬದಲಿಸಿತು. ಅದರ ವಂಶದಲ್ಲಿ 1954ರಲ್ಲಿ ಬಂದ ಲೈಕಾ ಎಂ3 ಮತ್ತು ಅದರ ತಮ್ಮಂದಿರ ವಿಳಂಬ 15 ಮಿಲಿಸೆಕೆಂಡಿನ ಆಸುಪಾಸಿನದು. ಈ ಚುರುಕಿಗೆ ಕಾರಣ ಅದರಲ್ಲಿ ಏನಿದೆ ಎಂಬುದಲ್ಲ, ಏನಿಲ್ಲ ಎಂಬುದು. ನೋಡುವ ಕಿಂಡಿಗೂ ತೆಗೆಯುವ ಲೆನ್ಸಿಗೂ ಸಂಬಂಧವಿಲ್ಲ. ಹಾಗಾಗಿ ದಾರಿಯಲ್ಲಿ ಎತ್ತಬೇಕಾದ ಕನ್ನಡಿ ಇಲ್ಲ. ಲೆನ್ಸಿನೊಳಗೆ ಬೆಳಕು ಹಾಯುವ ತೂತು, ಅಂದರೆ ಅಪರ್ಚರ್, ಮೊದಲೇ ಬೇಕಾದ ಅಳತೆಗೆ ಕಿರಿದಾಗಿ ಕೂತಿರುತ್ತದೆ. ಗುಂಡಿ ಒಂದು ಕೊಂಡಿಯನ್ನು ಬಿಡಿಸುತ್ತದೆ, ಶಟರಿನ ಬಟ್ಟೆಯ ಪರದೆ ಓಡುತ್ತದೆ, ಅಷ್ಟೇ. ಚಿತ್ರ ಬೀಳುವ ಆ ಕ್ಷಣದಲ್ಲೂ ಕಣ್ಣಿಗೆ ದೃಶ್ಯ ಕಾಣುತ್ತಲೇ ಇರುತ್ತದೆ. ಬೀದಿಯಲ್ಲಿ ಚಿತ್ರ ತೆಗೆಯುವವರು, ಆನ್ರಿ ಕಾರ್ಟಿಯೇ-ಬ್ರೆಸ್ಸೊನ್ ಅವರಿಂದ ಮೊದಲುಗೊಂಡು, ಈ ಬಗೆಯ ಕ್ಯಾಮೆರಾವನ್ನು ಬಿಡದೆ ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಆದರೂ ಲೈಕಾದ ಚಿತ್ರವಿಡೀ ಒಂದೇ ಕ್ಷಣದ್ದಲ್ಲ. ಎಂ3ರಲ್ಲಿ ಪರದೆ ಫಿಲ್ಮಿನ 36 ಮಿಲಿಮೀಟರ್ ಅಗಲವನ್ನು ದಾಟಲು ಹತ್ತಿರಹತ್ತಿರ 1/50 ಸೆಕೆಂಡ್ ತೆಗೆದುಕೊಳ್ಳುತ್ತದೆ. 1/1000ಕ್ಕೆ ಇಟ್ಟಾಗ ಎರಡು ಪರದೆಗಳ ನಡುವಿನ ಸಣ್ಣ ಸೀಳು ಫಿಲ್ಮಿನ ಮೇಲೆ ಹರಿದು ಹೋಗುತ್ತದೆ. ಹೀಗಾಗಿ ಚಿತ್ರದ ಒಂದು ಅಂಚಿಗಿಂತ ಇನ್ನೊಂದು ಅಂಚು ಹದಿನೈದಕ್ಕೂ ಹೆಚ್ಚು ಮಿಲಿಸೆಕೆಂಡ್ ತಡವಾಗಿ ಮೂಡಿರುತ್ತದೆ. ವಿಳಂಬದಷ್ಟೇ ಉದ್ದದ ಇನ್ನೊಂದು ವಿಳಂಬ ಚೌಕಟ್ಟಿನ ಒಳಗೇ ಇದೆ! ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ 1910ರ ದಶಕದ ಆರಂಭದಲ್ಲಿ ತೆಗೆದ ರೇಸ್ ಕಾರಿನ ಪ್ರಸಿದ್ಧ ಚಿತ್ರ ಇದನ್ನು ಎತ್ತಿ ತೋರಿಸುತ್ತದೆ. ಅವರ ಕ್ಯಾಮೆರಾದ ಸೀಳು ಲಂಬವಾಗಿ, ನಿಧಾನವಾಗಿ ಸರಿಯುತ್ತಿತ್ತು. ಅವರು ಕಾರಿನ ಜೊತೆ ಕ್ಯಾಮೆರಾವನ್ನೂ ತಿರುಗಿಸಿದ್ದರು, ಆದರೆ ಕಾರಿನಷ್ಟು ವೇಗವಾಗಿ ಅಲ್ಲ. ಕಾರಿನ ಚಕ್ರ ಮುಂದಕ್ಕೆ ವಾಲಿದ ಮೊಟ್ಟೆಯಾಯಿತು. ದಾರಿ ಬದಿಯಲ್ಲಿ ನಿಂತ ಜನ ಹಿಂದಕ್ಕೆ ವಾಲಿದರು.

ನೋಡುವುದಕ್ಕೊಂದು, ತೆಗೆಯುವುದಕ್ಕೊಂದು ಲೆನ್ಸನ್ನು ಒಂದರ ಮೇಲೊಂದು ಇಟ್ಟ ರೋಲೈಫ್ಲೆಕ್ಸ್ 1920ರ ದಶಕದ ಕೊನೆಗೆ ಜರ್ಮನಿಯ ಬ್ರೌನ್‌ಷ್ವೈಗ್‌ನಿಂದ ಬಂತು. ಇದರಲ್ಲಿ ಕನ್ನಡಿ ಇದೆ, ಆದರೆ ಮೇಲಿನ ಲೆನ್ಸಿನ ಹಿಂದೆ ಅಲುಗದೆ ಕೂತಿದೆ. ಕೆಳಗಿನ ಲೆನ್ಸಿನಲ್ಲಿ ಲೀಫ್ ಶಟರ್. ಒತ್ತಿದರೆ ಸಣ್ಣದೊಂದು ಟಿಕ್, ವಿಳಂಬ ತೀರ ಕಡಿಮೆ, ನೋಟ ಕಪ್ಪಾಗುವುದೂ ಇಲ್ಲ. ತಲೆ ಬಗ್ಗಿಸಿ ನೋಡುವ ಗಾಜಿನಲ್ಲಿ ಎಡ ಬಲ ಅದಲುಬದಲಾಗಿರುತ್ತದೆ ಎಂಬುದೊಂದೇ ತೊಡಕು. ಓಡುವವರನ್ನು ಹಿಂಬಾಲಿಸುವಾಗ ಕೈ ತಪ್ಪು ದಿಕ್ಕಿಗೆ ತಿರುಗುತ್ತದೆ. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಸ್ವಾತಂತ್ರ್ಯದ ದಿನಗಳ ದೆಹಲಿಯಲ್ಲಿ ಬಳಸಿದ್ದು ರೋಲೈಫ್ಲೆಕ್ಸನ್ನು ಮತ್ತು ಒಂದು ಸಲಕ್ಕೆ ಒಂದೇ ಹಾಳೆ ಫಿಲ್ಮ್ ಒಡ್ಡುವ ಸ್ಪೀಡ್ ಗ್ರಾಫಿಕ್ಕನ್ನು. ಎರಡನೆಯದರಲ್ಲಿ ಕ್ಷಣ ತಪ್ಪಿದರೆ ಮತ್ತೊಂದು ಅವಕಾಶವಿಲ್ಲ.

ಇನ್ನು ಎಸ್‌ಎಲ್‌ಆರ್. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2ನಂಥ ಹೆಸರುಗಳ ಮೂಲಕ ಭಾರತದ ಒಂದು ಇಡೀ ತಲೆಮಾರು ಛಾಯಾಗ್ರಹಣ ಕಲಿತದ್ದು ಇದರಲ್ಲೇ. ತೆಗೆಯುವ ಲೆನ್ಸಿನ ಮೂಲಕವೇ ನೋಡಬಹುದು, ಕಂಡದ್ದೇ ಚಿತ್ರವಾಗುತ್ತದೆ ಎಂಬುದು ಅದರ ದೊಡ್ಡ ಗುಣ. ಆ ಗುಣಕ್ಕೆ ತೆರುವ ಬೆಲೆ ಸಮಯ. ಫಿಲ್ಮಿನ ಮುಂದೆ 45 ಡಿಗ್ರಿ ಓರೆಯಲ್ಲಿ ನಿಂತ ಕನ್ನಡಿ ಬೆಳಕನ್ನು ಮೇಲಕ್ಕೆ, ಕಣ್ಣಿನತ್ತ ಕಳಿಸುತ್ತಿರುತ್ತದೆ. ಗುಂಡಿ ಒತ್ತಿದಾಗ ಅದು ಅಟ್ಟದ ಮುಚ್ಚಳದಂತೆ ಮೇಲಕ್ಕೆದ್ದು ದಾರಿ ಬಿಡಬೇಕು. ನೋಟ ಬೆಳಕಾಗಿರಲೆಂದು ಪೂರ್ತಿ ತೆರೆದಿದ್ದ ಅಪರ್ಚರ್ ಅದೇ ಹೊತ್ತಿಗೆ ಎಫ್/8ಕ್ಕೋ ಎಫ್/11ಕ್ಕೋ ಕಿರಿದಾಗಬೇಕು. ಮೇಲೆ ಬಡಿದ ಕನ್ನಡಿಯ ಅದುರು ತಗ್ಗಬೇಕು. ಇಷ್ಟಾದ ಮೇಲೆ ಪರದೆ ಹೊರಡಬೇಕು. ಇವುಗಳಲ್ಲಿ ಯಾವುದೊಂದನ್ನು ಅವಸರ ಮಾಡಿದರೂ ಚಿತ್ರ ಕೆಡುತ್ತದೆ. ಕನ್ನಡಿಗೆ ಬಲವಾದ ಸ್ಪ್ರಿಂಗು ಹಾಕಿದರೆ ಅದು ಬೇಗ ಏಳುತ್ತದೆ, ಆದರೆ ಜೋರಾಗಿ ಬಡಿದು ಇಡೀ ಕ್ಯಾಮೆರಾವನ್ನು ನಡುಗಿಸುತ್ತದೆ. ಬಹುಪಾಲು ಎಸ್‌ಎಲ್‌ಆರ್‌ಗಳ ವಿಳಂಬ 40ರಿಂದ 100 ಮಿಲಿಸೆಕೆಂಡಿನ ನಡುವೆ ಇರುವುದು ಇದರಿಂದಲೇ. ದಶಕಗಳ ತಿದ್ದುಪಡಿಯ ಫಲವಾಗಿ 2004ರಲ್ಲಿ ಬಂದ ನಿಕಾನ್ ಎಫ್6, ಅಂಥ ಕನ್ನಡಿಯನ್ನಿಟ್ಟುಕೊಂಡೂ, ಈ ಅಂತರವನ್ನು 37 ಮಿಲಿಸೆಕೆಂಡಿಗೆ ಇಳಿಸಿತು.

ಮೊದಮೊದಲ ಎಸ್‌ಎಲ್‌ಆರ್‌ಗಳಲ್ಲಿ ಮೇಲೆದ್ದ ಕನ್ನಡಿ ಮುಂದಿನ ಸಲ ಫಿಲ್ಮ್ ಸುತ್ತುವವರೆಗೆ ಕೆಳಗಿಳಿಯುತ್ತಿರಲಿಲ್ಲ. ಅಷ್ಟು ಹೊತ್ತೂ ಕಣ್ಣಿಗೆ ಕತ್ತಲೆ. 1954ರ ಜಪಾನಿನ ಅಸಾಹಿಫ್ಲೆಕ್ಸ್ IIಬಿ ಕನ್ನಡಿಯನ್ನು ತಾನಾಗಿ ಕೆಳಗಿಳಿಸುವ ಏರ್ಪಾಡನ್ನು ಜನಸಾಮಾನ್ಯರ ಕ್ಯಾಮೆರಾಕ್ಕೆ ತಂದಿತು. ಕತ್ತಲೆ ಕಣ್ಣು ಮಿಟುಕಿಸುವಷ್ಟಕ್ಕೆ ಇಳಿಯಿತು, ಇಲ್ಲವಾಗಲಿಲ್ಲ. ಫಿಲ್ಮ್ ಬೆಳಕು ಕಾಣುವ ಹೊತ್ತಿನಲ್ಲಿ ಕಣ್ಣು ಕಾಣುವಂತಿಲ್ಲ. ಪತ್ರಿಕಾ ಛಾಯಾಗ್ರಾಹಕರು ಒಂದು ಸೂತ್ರವನ್ನು ಹೇಳಿಕೊಂಡು ಬಂದದ್ದು ಈ ಕಾರಣಕ್ಕೆ: ಗೋಲು ಬಿದ್ದದ್ದು ಎಸ್‌ಎಲ್‌ಆರ್ ಕಿಂಡಿಯಲ್ಲಿ ಕಣ್ಣಾರೆ ಕಂಡಿತೆಂದರೆ ಆ ಗೋಲು ಫಿಲ್ಮಿನ ಮೇಲಿಲ್ಲ.

ಕನ್ನಡಿ ದೊಡ್ಡದಾದಷ್ಟೂ ಎತ್ತುವ ಕೆಲಸ ಹೆಚ್ಚು. 1957ರ ಹ್ಯಾಸೆಲ್‌ಬ್ಲಾಡ್ 500ಸಿ ಆರು ಸೆಂಟಿಮೀಟರಿನ ಚೌಕ ಚಿತ್ರ ಕೊಡುವ ಸ್ವೀಡನ್ನಿನ ಕ್ಯಾಮೆರಾ. ಶಟರ್ ಇರುವುದು ಲೆನ್ಸಿನಲ್ಲಿ. ಆದ್ದರಿಂದ ಅದರ ಕೆಲಸಗಳ ಸರಣಿ ಇನ್ನೂ ಉದ್ದ. ನೋಡಲೆಂದು ತೆರೆದಿದ್ದ ಲೀಫ್ ಶಟರ್ ಮೊದಲು ಮುಚ್ಚಬೇಕು, ಅಪರ್ಚರ್ ಕಿರಿದಾಗಬೇಕು, ಕನ್ನಡಿ ಏಳಬೇಕು, ಫಿಲ್ಮಿನ ಮುಂದಿನ ಎರಡು ಬಾಗಿಲುಗಳು ಬಿಚ್ಚಿಕೊಳ್ಳಬೇಕು. ಆಮೇಲೆ ಲೀಫ್ ಶಟರ್ ಮತ್ತೆ ತೆರೆದು, ಮುಚ್ಚುತ್ತದೆ. ಇದನ್ನು ಬಲ್ಲ ತಯಾರಕರು ಪಕ್ಕದಲ್ಲೊಂದು ಸನ್ನೆ ಇಟ್ಟರು. ಅದನ್ನು ಎತ್ತಿದರೆ ಕೊನೆಯ ಹೆಜ್ಜೆಯೊಂದನ್ನು ಬಿಟ್ಟು ಎಲ್ಲವೂ ಮೊದಲೇ ಮುಗಿದಿರುತ್ತದೆ. ಆಮೇಲೆ ಗುಂಡಿ ಒತ್ತಿದರೆ ವಿಳಂಬ ಡಬ್ಬಿ ಕ್ಯಾಮೆರಾದಷ್ಟಕ್ಕೆ ಇಳಿಯುತ್ತದೆ. ಎಫ್‌ಎಂ2 ಕೂಡ ಸೆಲ್ಫ್ ಟೈಮರ್ ಹಾಕಿದಾಗ ಕನ್ನಡಿಯನ್ನು ಆರಂಭದಲ್ಲೇ ಎತ್ತಿಬಿಡುತ್ತದೆ. ಟೈಮರಿನ ತಡ ಉದ್ದವೇ, ಆದರೆ ಪರದೆ ಓಡುವಾಗ ಕ್ಯಾಮೆರಾ ಪೂರ್ತಿ ನಿಶ್ಚಲ.

ಕನ್ನಡಿ ಏಳಲೇಬೇಕೇ? ಕ್ಯಾನನ್ ಕಂಪನಿಯ ಎಂಜಿನಿಯರುಗಳು 1965ರ ಪೆಲಿಕ್ಸ್ ಕ್ಯಾಮೆರಾದಲ್ಲಿ ಬೇಡ ಎಂದು ತೋರಿಸಿದರು. ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಪಾಲಿನಷ್ಟು ತೆಳುವಾದ, ಅರೆಪಾರದರ್ಶಕ ಪೊರೆಯನ್ನೇ ಕನ್ನಡಿಯ ಜಾಗದಲ್ಲಿ ಬಿಗಿದರು. ಬೆಳಕಿನ ಮೂರರಲ್ಲಿ ಎರಡು ಪಾಲು ಅದರ ಮೂಲಕ ಫಿಲ್ಮಿಗೆ ಹೋಗುತ್ತದೆ, ಉಳಿದದ್ದು ಪ್ರತಿಫಲಿಸಿ ಕಣ್ಣಿಗೆ ಬರುತ್ತದೆ. ಏಳುವುದಿಲ್ಲ, ಬಡಿಯುವುದಿಲ್ಲ, ಕತ್ತಲೆಯಿಲ್ಲ. ಬದಲಿಗೆ ಕಣ್ಣಿಗೆ ಮಂಕು ನೋಟ, ಫಿಲ್ಮಿಗೆ ತುಸು ಕಡಿಮೆ ಬೆಳಕು, ಪೊರೆಯ ಮೇಲೆ ಧೂಳು ಕೂತರೆ ಒರೆಸಲೂ ಭಯ. ಇದೇ ಉಪಾಯ 1989ರ ಇಒಎಸ್ ಆರ್‌ಟಿಯಲ್ಲಿ ಮರಳಿ ಬಂತು. ಗುಂಡಿಯನ್ನು ಅರ್ಧ ಒತ್ತಿದಾಗಲೇ ಅಪರ್ಚರ್ ಕಿರಿದಾಗುವಂತೆಯೂ ಮಾಡಿದ್ದರಿಂದ ವಿಳಂಬ 8 ಮಿಲಿಸೆಕೆಂಡಿಗೆ ಇಳಿಯಿತು. 1995ರ ಇಒಎಸ್-1ಎನ್ ಆರ್‌ಎಸ್ ಅದನ್ನು 6ಕ್ಕೆ ತಂದು, ಸೆಕೆಂಡಿಗೆ 10 ಚಿತ್ರ ತೆಗೆಯಿತು. ಕ್ರಿಕೆಟ್ ಚೆಂಡಿನ ಲೆಕ್ಕದಲ್ಲಿ 6 ಮಿಲಿಸೆಕೆಂಡ್ ಎಂದರೆ ಒಂದು ಗೇಣು.

ಕ್ಯಾಮೆರಾ ತಾನೇ ಯೋಚಿಸತೊಡಗಿದಾಗ ಹೊಸ ಬಗೆಯ ತಡ ಹುಟ್ಟಿಕೊಂಡಿತು. 1977ರ ಕೋನಿಕಾ ಸಿ35 ಎಎಫ್ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಆಟೋಫೋಕಸ್ ಕ್ಯಾಮೆರಾ. ಮುಂದಿನ ಎರಡು ದಶಕಗಳಲ್ಲಿ ಮದುವೆ, ನಾಮಕರಣ, ಪ್ರವಾಸಗಳಿಗೆಲ್ಲ ಇಂಥ ಪುಟ್ಟ ಕ್ಯಾಮೆರಾಗಳು ಬಂದವು. ಇವುಗಳಲ್ಲಿ ಕನ್ನಡಿ ಇಲ್ಲ, ಶಟರ್ ಹಗುರ. ಆದರೂ ಇವು ಎಸ್‌ಎಲ್‌ಆರ್‌ಗಿಂತ ತಡ ಮಾಡುತ್ತವೆ. ಒತ್ತಿದ ಮೇಲೆ ದೂರ ಅಳೆಯಬೇಕು, ಬೆಳಕು ಅಳೆಯಬೇಕು, ಪುಟ್ಟ ಮೋಟರು ಲೆನ್ಸನ್ನು ಸರಿಯಾದ ಜಾಗಕ್ಕೆ ತಳ್ಳಬೇಕು. ಹತ್ತಿರದ ಮುಖಕ್ಕೆ ಒಂದಷ್ಟು, ದೂರದ ಗೋಪುರಕ್ಕೆ ಇನ್ನೊಂದಷ್ಟು ಎಂದು ತಡವೂ ಬದಲಾಗುತ್ತದೆ. ಕೆಂಗಣ್ಣು ಬರದಂತೆ ಮೊದಲೇ ಮಿನುಗುವ ಫ್ಲಾಶ್ ಹಾಕಿದರೆ ಸೆಕೆಂಡಿನ ಬಹುಪಾಲು ಕಳೆದೇಹೋಗುತ್ತದೆ. ಆ ಮೊದಲ ಮಿನುಗನ್ನೇ ಚಿತ್ರವೆಂದು ತಿಳಿದು ಜನ ನಗು ಇಳಿಸಿ ಮುಖ ತಿರುಗಿಸಿದ ಗುಂಪುಚಿತ್ರಗಳು ಆ ಕಾಲದ ಆಲ್ಬಮ್ಮುಗಳಲ್ಲಿ ಬೇಕಾದಷ್ಟಿವೆ.

ಇದಕ್ಕೆ ಪರಿಹಾರ ಗುಂಡಿಯಲ್ಲೇ ಇತ್ತು. ಅರ್ಧ ಒತ್ತಿ ಹಿಡಿದರೆ ಅಳೆಯುವ ಕೆಲಸವೆಲ್ಲ ಮುಗಿದು ಫಲಿತಾಂಶ ಬಿಗಿಯಾಗಿ ಕೂರುತ್ತದೆ. ಉಳಿದರ್ಧ ಒತ್ತಿದಾಗ ಚಿಕ್ಕದೂ ಸ್ಥಿರವೂ ಆದ ತಡ ಮಾತ್ರ ಉಳಿಯುತ್ತದೆ. ಲೈಕಾ ಹಿಡಿದವರು ದೂರವನ್ನು ಅಂದಾಜಿಸಿ ಮೊದಲೇ ಫೋಕಸ್ ಇಟ್ಟುಕೊಳ್ಳುವುದು, ಹ್ಯಾಸೆಲ್‌ಬ್ಲಾಡಿನವರು ಕನ್ನಡಿಯನ್ನು ಮೊದಲೇ ಎತ್ತುವುದು, ಮಗುವಿನ ಚಿತ್ರಕ್ಕೆ ತಾಯಿ ಗುಂಡಿಯನ್ನು ಅರ್ಧ ಒತ್ತಿ ಕಾಯುವುದು, ಎಲ್ಲವೂ ಒಂದೇ ತಂತ್ರ: ಆಗಬೇಕಾದ ಕೆಲಸಗಳನ್ನು ಬೆರಳಿನ ಈಚೆಗೆ ಎಳೆದುಕೊಳ್ಳುವುದು.

ಬೇಕೆಂದೇ ತಡ ಮಾಡುವ ಶಟರುಗಳೂ ಇವೆ. ಹಳೆಯ ಫ್ಲಾಶ್ ಬಲ್ಬಿನಲ್ಲಿ ಲೋಹದ ಎಳೆಗಳು ಉರಿದು ಬೆಳಕಾಗುತ್ತಿತ್ತು. ವಿದ್ಯುತ್ ಹರಿದ ಮೇಲೆ ಉರಿ ಏರಿ ತುತ್ತತುದಿ ಮುಟ್ಟಲು ಸುಮಾರು 20 ಮಿಲಿಸೆಕೆಂಡ್ ಬೇಕು. ಹಾಗಾಗಿ ಶಟರಿನ ಪಕ್ಕದ ಸನ್ನೆಯನ್ನು ‘ಎಂ’ ಗುರುತಿಗೆ ಇಟ್ಟರೆ ಮೊದಲು ಬಲ್ಬಿಗೆ ವಿದ್ಯುತ್ ಹೋಗುತ್ತದೆ, ಹಲ್ಲುಚಕ್ರಗಳ ಸಾಲೊಂದು ಶಟರನ್ನು ಅಷ್ಟು ಹೊತ್ತು ತಡೆದು ಆಮೇಲೆ ಬಿಡುತ್ತದೆ. ಎಲೆಕ್ಟ್ರಾನಿಕ್ ಫ್ಲಾಶ್ ಬೆಳಗುವುದು ತಕ್ಷಣ, ಅದಕ್ಕೆ ‘ಎಕ್ಸ್’. ಇಂದು ಹಳೆಯ ಕ್ಯಾಮೆರಾ ಕೊಂಡವರು ಎಲೆಕ್ಟ್ರಾನಿಕ್ ಫ್ಲಾಶ್ ಸಿಕ್ಕಿಸಿ ಸನ್ನೆಯನ್ನು ‘ಎಂ’ನಲ್ಲೇ ಬಿಟ್ಟರೆ ಶಟರ್ ತೆರೆಯುವ ಮೊದಲೇ ಬೆಳಕು ಆರಿಹೋಗಿ ಇಡೀ ರೋಲು ಕತ್ತಲೆಯಾಗುತ್ತದೆ.

ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ ಅವರು ಶಟರನ್ನೇ ಲೆಕ್ಕದಿಂದ ಹೊರಗಿಟ್ಟರು. ಗುಂಡು ಸೇಬನ್ನು ಸೀಳಿ ಹೊರಬರುವ ಚಿತ್ರಕ್ಕೆ ಯಾವ ಶಟರೂ ಸಾಕಷ್ಟು ಚುರುಕಲ್ಲ. ಅವರು ಕೋಣೆಯನ್ನು ಕತ್ತಲೆ ಮಾಡಿ ಶಟರನ್ನು ತೆರೆದೇ ಇಟ್ಟರು. ಗುಂಡಿನ ಸದ್ದು ಮೈಕ್ರೋಫೋನಿಗೆ ತಲುಪಿದಾಗ ಫ್ಲಾಶ್ ಬೆಳಗುತ್ತಿತ್ತು, ಅದೂ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತು. ಸದ್ದು ಒಂದು ಮಿಲಿಸೆಕೆಂಡಿನಲ್ಲಿ 34 ಸೆಂಟಿಮೀಟರ್ ಹೋಗುತ್ತದೆ. ಹಾಗಾಗಿ ಬೇಕಾದ ಕ್ಷಣ ಸಿಗುವಂತೆ ಮೈಕ್ರೋಫೋನನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಸಿದರೆ ಸಾಕು.

ಬೆರಳನ್ನೂ ಹೊರಗಿಡಬಹುದು. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ 12 ಕ್ಯಾಮೆರಾ ನಿಲ್ಲಿಸಿ, ಓಡುವ ಕುದುರೆಯೇ ದಾರಕ್ಕೆ ತಾಗಿ ಒಂದೊಂದು ಶಟರನ್ನು ಬಿಡಿಸುವಂತೆ ಮಾಡಿದ್ದರು. 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಉತ್ತರ ಭಾರತದ ಕಾಡಿನಲ್ಲಿ ಹುಲಿಯ ದಾರಿಗೆ ತಂತಿ ಕಟ್ಟಿದರು. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಹುಲಿಗಳ ಎಣಿಕೆಗೆ ಫಿಲ್ಮ್ ಕ್ಯಾಮೆರಾಗಳನ್ನು ಹೂಡಿದಾಗ ತಂತಿಯ ಜಾಗದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣವಿತ್ತು. ಹುಲಿ ಅದನ್ನು ಅಡ್ಡಗಟ್ಟಿದರೆ ದಾರಿಯ ಎರಡೂ ಬದಿಯ ಕ್ಯಾಮೆರಾಗಳು ಕ್ಲಿಕ್ಕಿಸುತ್ತಿದ್ದವು. ಎಡ ಬಲ ಮೈಯ ಪಟ್ಟೆಗಳು ಬೇರೆ ಬೇರೆಯಾದ್ದರಿಂದ ಎರಡೂ ಚಿತ್ರ ಬೇಕು. ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುವ ಹುಲಿ 200 ಮಿಲಿಸೆಕೆಂಡಿನ ತಡದಲ್ಲಿ 20 ಸೆಂಟಿಮೀಟರ್ ಮಾತ್ರ ಸರಿಯುತ್ತದೆ. ಚೌಕಟ್ಟಿನಲ್ಲಿ ಅಷ್ಟು ಜಾಗ ಬಿಟ್ಟುಕೊಂಡರೆ ಪಟ್ಟೆಗಳು ಪೂರ್ತಿ ಸಿಗುತ್ತವೆ.

ಮನೆಯಲ್ಲಿರುವ ಹಳೆಯ ಕ್ಯಾಮೆರಾದ ವಿಳಂಬವನ್ನು ಅಳೆಯಲು ಒಂದು ಕಬ್ಬಿಣದ ಗುಂಡು, ಒಂದು ಸಣ್ಣ ವಿದ್ಯುತ್ಕಾಂತ, ಒಂದು ಅಳತೆಪಟ್ಟಿ ಸಾಕು. ಬೆರಳು ಗುಂಡಿಯನ್ನು ಕೆಳಗೆ ತಳ್ಳುವ ಆ ಕ್ಷಣಕ್ಕೇ ವಿದ್ಯುತ್ಕಾಂತದ ಸಂಪರ್ಕ ಕಡಿಯುವಂತೆ ಗುಂಡಿಯ ಮೇಲೆ ತೆಳು ತಗಡಿನ ಸ್ವಿಚ್ಚು ಕೂರಿಸಬೇಕು. ಹಿಂದೆ ಅಳತೆಪಟ್ಟಿ ನಿಲ್ಲಿಸಿ 1/1000 ಸೆಕೆಂಡಿನಲ್ಲಿ ಚಿತ್ರ ತೆಗೆದರೆ, ಬೀಳುತ್ತಿರುವ ಗುಂಡು ಎಷ್ಟು ಇಳಿದಿದೆ ಎಂಬುದರಿಂದಲೇ ಕಾಲ ತಿಳಿಯುತ್ತದೆ. ಲೈಕಾದ 15 ಮಿಲಿಸೆಕೆಂಡಿನಲ್ಲಿ ಗುಂಡು ಇಳಿಯುವುದು ಒಂದೇ ಮಿಲಿಮೀಟರ್. 50 ಮಿಲಿಸೆಕೆಂಡಿನ ಎಸ್‌ಎಲ್‌ಆರ್‌ನಲ್ಲಿ 12 ಮಿಲಿಮೀಟರ್. 200 ಮಿಲಿಸೆಕೆಂಡ್ ತಡ ಮಾಡುವ ಪುಟ್ಟ ಕ್ಯಾಮೆರಾದಲ್ಲಿ 20 ಸೆಂಟಿಮೀಟರ್. ಒಂದು ಚಿತ್ರಕ್ಕೆ ನಿಲ್ಲಿಸದೆ ಹತ್ತು ಚಿತ್ರ ತೆಗೆದರೆ ಇನ್ನೂ ಉಪಯುಕ್ತ. ಹತ್ತರಲ್ಲೂ ಗುಂಡು ಒಂದೇ ಎತ್ತರದಲ್ಲಿದ್ದರೆ ಆ ಕ್ಯಾಮೆರಾ ನಂಬಿಕೆಗೆ ಅರ್ಹ. ಚದುರಿದ್ದರೆ ಒಳಗಿನ ಎಣ್ಣೆ ಅಂಟಾಗಿರಬಹುದು, ಬ್ಯಾಟರಿ ಸೋತಿರಬಹುದು ಅಥವಾ ಗುಂಡಿಯನ್ನು ಅರ್ಧ ಒತ್ತಿ ಕಾಯದೆ ಒಂದೇ ಸಲಕ್ಕೆ ಒತ್ತಿರಬಹುದು.